ಬೆಲೆಯ ಬಾಗಿಲು ಯಾರ ಕೈಯಲ್ಲಿ?

(ಗಿರಣಿ ಕಾರ್ಮಿಕರಿಗೂ ಸಣ್ಣ ವ್ಯಾಪಾರಸ್ಥರಿಗೂ ಕುಮಟೆಯಲ್ಲಿ ಏರ್ಪಡಿಸಿದ್ದ ಅಭ್ಯಾಸ ವರ್ಗದಲ್ಲಿ ಮಾಡಿದ ಭಾಷಣ)



ಇಂದಿನ ವಿಷಯದ ಹೆಸರು ಕೇಳಿ ನಿಮ್ಮಲ್ಲಿ ಕೆಲವರಿಗೆ ಗಾಬರಿಯಾಗಿರಬಹುದು. ‘ನಿಯಂತ್ರಣದ ಗಣಿತ ಮತ್ತು ದೇಶದ ಆರ್ಥಿಕ ವ್ಯವಸ್ಥೆ’ ಎಂದು ಹಲಗೆಯ ಮೇಲೆ ಬರೆದಿದ್ದಾರೆ. ದಿನವಿಡೀ ಗಿರಣಿಯಲ್ಲಿ ದುಡಿದು ಬಂದವರಿಗೆ, ಅಂಗಡಿಯ ಬಾಗಿಲು ಮುಚ್ಚಿ ಬಂದವರಿಗೆ ಈ ಗಣಿತ ಏತಕ್ಕೆ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ ಅದು. ಆದರೆ ನಿಮ್ಮ ಪಗಾರ ಬೆಲೆಯ ಹಿಂದೆ ಓಡಿ ಓಡಿ ಎಂದೂ ಅದನ್ನು ಮುಟ್ಟದಿರುವುದಕ್ಕೆ ಕಾರಣ ಈ ಗಣಿತದಲ್ಲಿದೆ. ನಿಮ್ಮ ಸಾಲದ ಬಡ್ಡಿ ಏಕಾಏಕಿ ಏರುವುದಕ್ಕೆ ಕಾರಣವೂ ಅಲ್ಲಿದೆ. ದೊಡ್ಡವರು ಇದನ್ನು ಬಲ್ಲರು. ನಾವೂ ಬಲ್ಲವರಾದರೆ ನಮ್ಮ ಬೇಡಿಕೆಗೆ ಬಲ ಬಂದೀತು.

ಹಾಗೆ ನೋಡಿದರೆ ಈ ಶಾಸ್ತ್ರ ನಮ್ಮ ಸೀಮೆಗೆ ಹೊಸದಲ್ಲ. ಅಘನಾಶಿನಿಯ ದಂಡೆಯಲ್ಲಿ ಗಜನಿ ಗದ್ದೆ ಮಾಡುವವರನ್ನು ನೀವೆಲ್ಲ ಕಂಡಿದ್ದೀರಿ. ಸಮುದ್ರದ ನೀರು ದಿನಕ್ಕೆ ಎರಡು ಬಾರಿ ಉಬ್ಬುತ್ತದೆ, ಎರಡು ಬಾರಿ ಇಳಿಯುತ್ತದೆ. ಗದ್ದೆಯ ಕಟ್ಟಿನಲ್ಲಿ ಒಂದು ಬಾಗಿಲು. ಇಳಿತದಲ್ಲಿ ಒಳಗಿನ ನೀರನ್ನು ಹೊರಬಿಡಬೇಕು, ಉಬ್ಬರದಲ್ಲಿ ಉಪ್ಪುನೀರನ್ನು ತಡೆಯಬೇಕು. ಕಗ್ಗದ ಭತ್ತ ಉಪ್ಪನ್ನು ಸಹಿಸುತ್ತದೆ, ನಿಜ. ಆದರೆ ಅದಕ್ಕೂ ಒಂದು ಮಿತಿಯಿದೆ. ಬಾಗಿಲು ಕಾಯುವವನು ಏನು ಮಾಡುತ್ತಾನೆ? ಗದ್ದೆಯಲ್ಲಿ ನೀರು ಎಷ್ಟಿರಬೇಕೆಂಬ ಒಂದು ಗುರಿ ಅವನ ಮನಸ್ಸಿನಲ್ಲಿರುತ್ತದೆ. ಈಗ ಎಷ್ಟಿದೆಯೆಂದು ಕಣ್ಣಿನಿಂದ ಅಳೆಯುತ್ತಾನೆ. ಎರಡರ ನಡುವಿನ ಅಂತರವನ್ನು ಕಂಡುಕೊಂಡು, ಅದಕ್ಕೆ ತಕ್ಕಷ್ಟು ಬಾಗಿಲನ್ನು ಎತ್ತುತ್ತಾನೆ ಇಲ್ಲವೆ ಇಳಿಸುತ್ತಾನೆ. ಮತ್ತೆ ನೋಡುತ್ತಾನೆ, ಮತ್ತೆ ತಿದ್ದುತ್ತಾನೆ. ಗುರಿ, ಅಳತೆ, ಅಂತರ, ತಿದ್ದುಪಡಿ: ನಿಯಂತ್ರಣದ ಶಾಸ್ತ್ರವೆಂದರೆ ಈ ನಾಲ್ಕು. ಅಮೆರಿಕದ ಗಣಿತಜ್ಞ ನಾರ್ಬರ್ಟ್ ವೀನರ್ 1948ರಲ್ಲಿ ಈ ಶಾಸ್ತ್ರಕ್ಕೆ ‘ಸೈಬರ್ನೆಟಿಕ್ಸ್’ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಆ ಶಬ್ದದ ಮೂಲಾರ್ಥ ಚುಕ್ಕಾಣಿ ಹಿಡಿಯುವವನು ಎಂದು. ಭಟ್ಕಳದ ದೋಣಿಗಳಲ್ಲಿ ನಾವು ತಾಂಡೇಲ ಎನ್ನುತ್ತೇವಲ್ಲ, ಅವನೇ.

ಇಷ್ಟೇ ಆಗಿದ್ದರೆ ಗಣಿತದ ಅಗತ್ಯ ಬೀಳುತ್ತಿರಲಿಲ್ಲ. ತೊಡಕು ಬರುವುದು ತಡದಿಂದ. ಬಾಗಿಲು ಎತ್ತಿದ ಕೂಡಲೆ ಗದ್ದೆಯ ನೀರು ಇಳಿಯುವುದಿಲ್ಲ. ಇಂದು ಮಾಡಿದ ತಿದ್ದುಪಡಿಯ ಫಲ ಕಣ್ಣಿಗೆ ಕಾಣಲು ಕಾಲ ಹಿಡಿಯುತ್ತದೆ. ಈ ತಡ ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸವನ್ನೂ ಹೇಗೆ ಕೆಡಿಸುತ್ತದೆ ಎಂಬುದನ್ನು ವ್ಯಾಪಾರಸ್ಥ ಮಿತ್ರರ ಲೆಕ್ಕದಿಂದಲೇ ತೋರಿಸುತ್ತೇನೆ. ಕಾಗದ ಪೆನ್ಸಿಲು ಇದ್ದವರು ಬರೆದುಕೊಳ್ಳಿ.

ಒಂದು ಅಂಗಡಿಯ ಲೆಕ್ಕ

ಭಟ್ಕಳದ ಪೇಟೆಯಲ್ಲಿ ಒಬ್ಬರ ಅಕ್ಕಿ ಅಂಗಡಿ ಇದೆಯೆಂದು ಇಟ್ಟುಕೊಳ್ಳಿ. ವಾರಕ್ಕೆ 10 ಚೀಲ ಖರ್ಚು. ಅಂಗಡಿಯಲ್ಲಿ ಯಾವಾಗಲೂ 20 ಚೀಲ ದಾಸ್ತಾನು ಇರಬೇಕೆಂಬುದು ಅವರ ಗುರಿ. ಶನಿವಾರ ಬರೆದು ಕಳಿಸಿದ ಮಾಲು ಎರಡು ವಾರ ಬಿಟ್ಟು ಬರುವ ಶನಿವಾರ ಮುಟ್ಟುತ್ತದೆ. ಅವರ ನಿಯಮ ಸರಳ: ಈ ವಾರ ಎಷ್ಟು ಹೋಯಿತೋ ಅಷ್ಟು, ಅದರ ಮೇಲೆ 20ಕ್ಕೆ ಎಷ್ಟು ಕಡಿಮೆ ಇದೆಯೋ ಅಷ್ಟನ್ನೂ ಸೇರಿಸಿ ತರಿಸುವುದು. ಹೆಚ್ಚಿದ್ದರೆ ಅಷ್ಟು ಕಳೆದು ತರಿಸುವುದು. ಇದರಲ್ಲಿ ತಪ್ಪೇನಾದರೂ ಕಾಣುತ್ತದೆಯೆ?

ಒಂದು ವಾರದಿಂದ ಗಿರಾಕಿಗಳು ಹೆಚ್ಚಿ, ವಾರಕ್ಕೆ 12 ಚೀಲ ಖರ್ಚಾಗತೊಡಗಿತು. ಅಲ್ಲಿಂದ ಮುಂದೆ ಒಂದು ಚೀಲವೂ ಹೆಚ್ಚು ಕಡಿಮೆಯಿಲ್ಲ. ಪ್ರತಿ ವಾರ 12. ಮೊದಲ ವಾರದ ಕೊನೆಗೆ ದಾಸ್ತಾನು 18, ಎರಡನೆಯ ವಾರ 16. ಅವರು 14 ಚೀಲ, ಮುಂದಿನ ವಾರ 16 ಚೀಲ ತರಿಸಲು ಬರೆದರು. ಮೂರನೆಯ ವಾರ ದಾಸ್ತಾನು 18 ಆಯಿತು, ನಾಲ್ಕನೆಯ ವಾರ 22, ಐದನೆಯ ವಾರ 24. ಮಾಲು ಹೆಚ್ಚಾಯಿತೆಂದು ಕೈ ಹಿಡಿದರು. ಆರನೆಯ ವಾರ 22, ಏಳಕ್ಕೆ 18, ಎಂಟಕ್ಕೆ ಮತ್ತೆ 16. ಹೀಗೆಯೇ 16ರಿಂದ 24ಕ್ಕೆ, 24ರಿಂದ 16ಕ್ಕೆ ಉಯ್ಯಾಲೆ ತೂಗುತ್ತಲೇ ಇರುತ್ತದೆ. ಗಿರಾಕಿ ಸ್ಥಿರ, ವ್ಯಾಪಾರಿ ಪ್ರಾಮಾಣಿಕ, ನಿಯಮ ಸರಿಯೆಂದೇ ತೋರುತ್ತದೆ. ಆದರೂ ಅಂಗಡಿ ನೆಟ್ಟಗೆ ನಿಲ್ಲುವುದಿಲ್ಲ. ದಾರಿಯಲ್ಲಿರುವ ಮಾಲನ್ನು ಲೆಕ್ಕಕ್ಕೆ ಹಿಡಿಯದೆ, ಕಣ್ಣೆದುರಿನ ಕೊರತೆಯನ್ನು ಪ್ರತಿ ವಾರವೂ ಪೂರ್ತಿ ತುಂಬಹೊರಟದ್ದೇ ಇದಕ್ಕೆ ಕಾರಣ.

ಈಗ ಅದೇ ಮನುಷ್ಯ ಹೆದರಿಕೊಂಡು, ಕೊರತೆಯ ಎರಡರಷ್ಟು ತಿದ್ದಿದರೆ? ನಾಲ್ಕನೆಯ ವಾರ 28 ಚೀಲ ಬಿದ್ದಿರುತ್ತದೆ. ಏಳನೆಯ ವಾರ 4 ಚೀಲ ಉಳಿದು ಗಿರಾಕಿಗಳು ಬೇರೆ ಅಂಗಡಿ ನೋಡುತ್ತಾರೆ. ಒಂಬತ್ತನೆಯ ವಾರ 44 ಚೀಲ ಬಂದು ಬಾಗಿಲು ತೆಗೆಯಲೂ ಜಾಗವಿರುವುದಿಲ್ಲ. ಮನೆ ಮುಳುಗುವ ದಾರಿ ಅದು. ಅದರ ಬದಲು ಕೊರತೆಯ ಅರ್ಧವನ್ನು ಮಾತ್ರ ತಿದ್ದಿದರೆ? ಮೂರನೆಯ ವಾರ 17, ನಾಲ್ಕಕ್ಕೆ 19, ಐದಕ್ಕೆ ಇಪ್ಪತ್ತೂವರೆ, ಆರಕ್ಕೆ 21. ಅಲ್ಲಿಂದ ಮುಂದೆ ತೂಗು ಚಿಕ್ಕದಾಗುತ್ತ 20ರಲ್ಲಿ ನಿಲ್ಲುತ್ತದೆ.

ನಿಯಂತ್ರಣ ಶಾಸ್ತ್ರದ ಮೊದಲ ಪಾಠ ಇದೇ. ಎಷ್ಟು ತಡವಿದೆ ಎಂಬುದನ್ನು ಅರಿಯದೆ ಕೈ ಜೋರು ಮಾಡಬಾರದು. ಅಡಿಕೆ ತೋಟದ ಕಥೆಯೂ ಇದೇ ಅಲ್ಲವೆ? ಬೆಲೆ ಏರಿದ ವರ್ಷ ಎಲ್ಲರೂ ಸಸಿ ನೆಡುತ್ತಾರೆ. ಫಸಲು ಕೈಗೆ ಬರಲು ಐದಾರು ವರ್ಷ ಬೇಕು. ಅಷ್ಟರಲ್ಲಿ ಎಲ್ಲರ ತೋಟವೂ ಒಟ್ಟಿಗೆ ಫಲಕ್ಕೆ ಬಂದು ಬೆಲೆ ಕುಸಿಯುತ್ತದೆ.

ನೀರಿನ ಯಂತ್ರ ಮಾಡಿದ ವಿದ್ಯುತ್ ಕೆಲಸಗಾರ

ಒಂದು ಅಂಗಡಿಗೆ ಅನ್ವಯಿಸುವ ಈ ಲೆಕ್ಕವನ್ನು ಇಡೀ ದೇಶಕ್ಕೆ ಅನ್ವಯಿಸಿ ನೋಡಿದವರಲ್ಲಿ ಮೊದಲಿಗರು ಬಿಲ್ ಫಿಲಿಪ್ಸ್. 1914ರಲ್ಲಿ ನ್ಯೂಜಿಲೆಂಡಿನಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲಿ ಜಲವಿದ್ಯುತ್ ಕೇಂದ್ರದಲ್ಲಿ ಕೆಲಸ ಕಲಿತವರು. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರ ಕೈಗೆ ಸಿಕ್ಕಿ ಜಾವಾದಲ್ಲಿ ಸೆರೆಯಲ್ಲಿದ್ದರು. ಯುದ್ಧ ಮುಗಿದ ಮೇಲೆ ಲಂಡನ್ನಿನಲ್ಲಿ ಅರ್ಥಶಾಸ್ತ್ರ ಓದಲು ಹೋದಾಗ, ಪುಸ್ತಕದಲ್ಲಿ ‘ಹಣದ ಹರಿವು’ ಎಂದು ಬರೆದದ್ದನ್ನು ನಿಜವಾದ ಹರಿವಾಗಿಯೇ ಕಂಡರು. 1949ರಲ್ಲಿ ಆಳೆತ್ತರಕ್ಕೂ ಮಿಗಿಲಾದ ಒಂದು ಯಂತ್ರ ಕಟ್ಟಿದರು. ಪಾರದರ್ಶಕ ತೊಟ್ಟಿಗಳು, ಕೊಳವೆಗಳು, ಬಾಗಿಲುಗಳು, ಅದರಲ್ಲಿ ಬಣ್ಣದ ನೀರು. ಜನರ ಆದಾಯ ಮೇಲಿನಿಂದ ಹರಿಯುತ್ತದೆ. ಒಂದು ಪಾಲು ತೆರಿಗೆಗೆ, ಒಂದು ಪಾಲು ಉಳಿತಾಯಕ್ಕೆ, ಒಂದು ಪಾಲು ಆಮದಿಗೆ ಹೋಗಿ, ಉಳಿದದ್ದು ಖರ್ಚಾಗಿ ಮತ್ತೆ ಆದಾಯವಾಗಿ ಮೇಲಕ್ಕೆ ಬರುತ್ತದೆ. ತೆರಿಗೆಯ ಬಾಗಿಲನ್ನು ತಿರುಗಿಸಿದರೆ ಯಾವ ತೊಟ್ಟಿಯಲ್ಲಿ ನೀರು ಏರುತ್ತದೆ, ಯಾವುದರಲ್ಲಿ ಇಳಿಯುತ್ತದೆ ಎಂಬುದನ್ನು ಕಣ್ಣಾರೆ ನೋಡಬಹುದಿತ್ತು.

1954ರಲ್ಲಿ ಫಿಲಿಪ್ಸ್ ಇನ್ನೂ ಒಂದು ಹೆಜ್ಜೆ ಮುಂದಿಟ್ಟರು. ಕಾರ್ಖಾನೆಯ ಯಂತ್ರಗಳನ್ನು ಹತೋಟಿಯಲ್ಲಿಡಲು ಎಂಜಿನಿಯರರು ಬಳಸುವ ಮೂರು ಬಗೆಯ ತಿದ್ದುಪಡಿಯನ್ನು ಸರಕಾರದ ನೀತಿಗೆ ಅನ್ವಯಿಸಿದರು. ಇಂದಿನ ಅಂತರವನ್ನು ನೋಡಿ ತಿದ್ದುವುದು ಒಂದು. ಹಿಂದಿನಿಂದ ಕೂಡಿಬಂದ ಅಂತರವನ್ನೆಲ್ಲ ಲೆಕ್ಕ ಹಿಡಿದು ತಿದ್ದುವುದು ಎರಡು. ಅಂತರ ಹೆಚ್ಚುತ್ತಿದೆಯೋ ಕುಗ್ಗುತ್ತಿದೆಯೋ ಎಂದು ನೋಡಿ ಮುಂದಾಗಿಯೇ ತಿದ್ದುವುದು ಮೂರು. ನಿನ್ನೆ, ಇಂದು, ನಾಳೆ ಮೂರನ್ನೂ ನೋಡಬೇಕು. ಬರಿಯ ನಿನ್ನೆಯ ಲೆಕ್ಕ ಹಿಡಿದು, ತಡವಾಗಿ, ಜೋರಾಗಿ ತಿದ್ದುವ ಸರಕಾರ ಆರ್ಥಿಕ ವ್ಯವಸ್ಥೆಯನ್ನು ಸ್ಥಿರಗೊಳಿಸುವ ಬದಲು ತೂಗಾಡಿಸುತ್ತದೆ ಎಂದು ಅವರು ಲೆಕ್ಕ ಹಾಕಿ ತೋರಿಸಿದರು.

ಯೋಜನೆಯ ಕಾಲದ ಪಾಠ

ನಮ್ಮ ದೇಶಕ್ಕೆ ಬರೋಣ. ಆ ದಿನಗಳಲ್ಲಿ ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಜಗತ್ತಿನ ಗಣಿತಜ್ಞರ ಕೂಡುದಾಣವಾಗಿತ್ತು. ನಾನು ಹೇಳಿದ ವೀನರ್ 1955-56ರಲ್ಲಿ ಅಲ್ಲಿಗೆ ಬಂದಿದ್ದರು. ಆ ಸಂಸ್ಥೆಯ ಮುಖ್ಯಸ್ಥ ಪ್ರೊ. ಮಹಲನೋಬಿಸರು ಎರಡನೆಯ ಪಂಚವಾರ್ಷಿಕ ಯೋಜನೆಗೆ ಗಣಿತದ ಒಂದು ನಕಾಶೆ ಹಾಕಿಕೊಟ್ಟರು. ಹೊಸ ಬಂಡವಾಳದ ಸುಮಾರು ಮೂರನೆಯ ಒಂದು ಪಾಲನ್ನು ಯಂತ್ರಸಾಮಗ್ರಿ ತಯಾರಿಸುವ ಉದ್ಯಮಗಳಿಗೆ ಹಾಕಿದರೆ ದೇಶ ದೂರದಲ್ಲಿ ವೇಗವಾಗಿ ಬೆಳೆಯುತ್ತದೆ ಎಂಬುದು ಅದರ ಸಾರ. ದೊಡ್ಡ ಕನಸು ಅದು. ಉಕ್ಕಿನ ಕಾರ್ಖಾನೆಗಳು ಎದ್ದದ್ದು ಅದರಿಂದಲೇ. ನಾವು ಅದನ್ನು ಹಗುರವಾಗಿ ಮಾತಾಡಬಾರದು.

ಆದರೆ ಆ ನಕಾಶೆಯಲ್ಲಿ ಗುರಿ ಇದ್ದಷ್ಟು ಗಟ್ಟಿಯಾಗಿ ಅಳತೆ ಮತ್ತು ತಿದ್ದುಪಡಿ ಇರಲಿಲ್ಲ. ಚುಕ್ಕಾಣಿಯನ್ನು ಒಮ್ಮೆ ಕಟ್ಟಿಬಿಟ್ಟು ಐದು ವರ್ಷ ದೋಣಿ ಬಿಟ್ಟ ಹಾಗೆ. ವಿದೇಶದ ವ್ಯಾಪಾರವನ್ನು ಆ ಲೆಕ್ಕ ಒಳಗೊಂಡಿರಲಿಲ್ಲ. 1957ರ ಹೊತ್ತಿಗೆ ಯಂತ್ರಗಳ ಆಮದಿನಿಂದ ವಿದೇಶಿ ಹಣದ ತೊಟ್ಟಿ ಬರಿದಾಗತೊಡಗಿತು. 1958ರಲ್ಲಿ 4,800 ಕೋಟಿಯ ಯೋಜನೆಯನ್ನು 4,500 ಕೋಟಿಗೆ ಇಳಿಸಬೇಕಾಯಿತು. ನಮ್ಮ ಕರಾವಳಿಯವರೇ ಆದ ಬಿ. ಆರ್. ಶೆಣೈ ಅವರು 1955ರಲ್ಲಿಯೇ ಅರ್ಥಶಾಸ್ತ್ರಜ್ಞರ ಮಂಡಲಿಯಲ್ಲಿ ಒಬ್ಬರೇ ನಿಂತು, ಖೋತಾ ಹಣಕಾಸಿನ ಮೇಲೆ ಇಷ್ಟು ದೊಡ್ಡ ಯೋಜನೆ ಕಟ್ಟಿದರೆ ಬೆಲೆ ಏರುತ್ತದೆಯೆಂದು ಭಿನ್ನಮತ ಬರೆದಿದ್ದರು. ಶೆಣೈಯವರು ಮಾರುಕಟ್ಟೆಯ ಪಕ್ಷದವರು, ನಾವು ಅಲ್ಲ. ಆದರೆ ಎದುರಾಳಿ ಸತ್ಯ ಹೇಳಿದಾಗ ಒಪ್ಪಿಕೊಳ್ಳುವ ದೊಡ್ಡತನ ಸಮಾಜವಾದಿಗೆ ಇರಬೇಕು. ಯೋಜನೆ ಬೇಡವೆಂಬುದು ಇದರ ಪಾಠವಲ್ಲ. ದಾರಿಯಲ್ಲಿ ಕಣ್ಣು ತೆರೆದಿಟ್ಟು ತಿದ್ದಿಕೊಳ್ಳುವ ಯೋಜನೆ ಬೇಕು ಎಂಬುದು ಪಾಠ.

ಯಾರ ಕಣ್ಣಿನ ಅಳತೆ?

ಕಣ್ಣು ಎಂದೆ. ಆದರೆ ಯಾರ ಕಣ್ಣು? 1963ರ ಆಗಸ್ಟಿನಲ್ಲಿ ಲೋಕಸಭೆಯಲ್ಲಿ ನಡೆದ ಚರ್ಚೆಯನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಾರೆ ಎಂದು ಡಾ. ಲೋಹಿಯಾ ಹೇಳಿದರು. ಇಲ್ಲ, ಹದಿನೈದಾಣೆ ಎಂದು ಪಂಡಿತ ನೆಹರೂ ಉತ್ತರಿಸಿದರು. ಯೋಜನಾ ಮಂತ್ರಿ ನಂದಾ ಅವರು ಏಳೂವರೆ ಆಣೆಯ ಲೆಕ್ಕ ಕೊಟ್ಟರು. ಒಂದೇ ದೇಶ, ಒಂದೇ ವರ್ಷ, ಮೂರು ಅಂಕಿ! ಸಿರಿವಂತನನ್ನೂ ಬಡವನನ್ನೂ ಕೂಡಿಸಿ ಸರಾಸರಿ ತೆಗೆದರೆ ಬಡವನ ಹಸಿವು ಅಂಕಿಯ ಹಿಂದೆ ಅಡಗುತ್ತದೆ. ಅದು ಆಣೆ ಪೈಯ ಜಗಳವಾಗಿರಲಿಲ್ಲ, ಅಳತೆಯ ಜಗಳವಾಗಿತ್ತು. ಅಳತೆ ತಪ್ಪಿದರೆ ಎಂಥ ಒಳ್ಳೆಯ ಗಣಿತವೂ ತಪ್ಪು ಬಾಗಿಲನ್ನು ತಿರುಗಿಸುತ್ತದೆ.

ಇಂದಿನ ಅಳತೆಯನ್ನು ನೋಡಿ. ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕವನ್ನು ಕಾರ್ಮಿಕ ಬ್ಯೂರೊ ತಯಾರಿಸುತ್ತದೆ. 2016ನ್ನು ಆಧಾರ ವರ್ಷವಾಗಿಟ್ಟ ಸೂಚ್ಯಂಕ 2020ರಲ್ಲಿ ಜಾರಿಗೆ ಬಂತು. ದೇಶದ 88 ಕೇಂದ್ರಗಳಿಂದ ಅದಕ್ಕೆ ಬೆಲೆ ಕೂಡಿಸುತ್ತಾರೆ. ಭಟ್ಕಳ, ಹೊನ್ನಾವರ, ಕುಮಟೆಗಳು ಆ ಪಟ್ಟಿಯಲ್ಲಿ ಇಲ್ಲ. ಜೂನ್ ಜುಲೈಯಲ್ಲಿ ಮೀನುಗಾರಿಕೆ ನಿಂತಾಗ ನಮ್ಮ ಪೇಟೆಯಲ್ಲಿ ಬಂಗಡೆಯ ಬೆಲೆ ಏನಾಗುತ್ತದೆ, ಅನ್ನ ಮೀನು ಉಂಡು ಬದುಕುವ ಮನೆಯ ಖರ್ಚು ಎಷ್ಟಾಗುತ್ತದೆ ಎಂಬುದು ಆ ಅಂಕಿಗೆ ಹೇಗೆ ಗೊತ್ತಾಗಬೇಕು?

ಯಾರ ಪಾಲಿಗೆ ತಡ?

ಇನ್ನು ತಡದ ಮಾತು. ಬೆಲೆ ಏರಿದಂತೆ ಪಗಾರವನ್ನು ತಿದ್ದುವ ಉಪಕರಣವೇ ತುಟ್ಟಿಭತ್ಯೆ. ಬ್ಯಾಂಕ್ ನೌಕರರಿಗೆ ಅದು ಮೂರು ತಿಂಗಳಿಗೊಮ್ಮೆ ತಿದ್ದುಪಡಿಯಾಗುತ್ತದೆ. ಕೇಂದ್ರ ಸರಕಾರದ ನೌಕರರಿಗೆ ವರ್ಷಕ್ಕೆ ಎರಡು ಸಲ. ನಮ್ಮ ರಾಜ್ಯದಲ್ಲಿ ಕನಿಷ್ಠ ಕೂಲಿಯ ಮೇಲೆ ದುಡಿಯುವವನಿಗೆ ಬಹುಕಾಲದಿಂದ ನಡೆದು ಬಂದ ಪದ್ಧತಿ ವರ್ಷಕ್ಕೊಮ್ಮೆ, ಏಪ್ರಿಲ್ ಒಂದರಿಂದ, ಅದೂ ಹಿಂದಿನ ಜನವರಿಯಿಂದ ಡಿಸೆಂಬರಿನವರೆಗಿನ ಸರಾಸರಿ ಸೂಚ್ಯಂಕದ ಮೇಲೆ.

ಇದರ ಅರ್ಥವನ್ನು ಲೆಕ್ಕ ಹಾಕೋಣ. ಹಿಂದಿನ ವರ್ಷದ ಸರಾಸರಿ ಎಂದರೆ ಆ ವರ್ಷದ ಜೂನ್ ಜುಲೈಯ ಬೆಲೆ. ಆ ಬೆಲೆಗೆ ತಕ್ಕ ಕೂಲಿ ಈ ಏಪ್ರಿಲಿನಿಂದ ಬರುವ ಮಾರ್ಚಿನ ತನಕ ನಡೆಯುತ್ತದೆ. ಅದರ ನಡುಭಾಗ ಈ ವರ್ಷದ ಸೆಪ್ಟೆಂಬರ್ ಕೊನೆ. ಅಂದರೆ ಕೂಲಿ ಬೆಲೆಗಿಂತ ಸರಾಸರಿ ಹದಿನೈದು ತಿಂಗಳು ಹಿಂದೆ. ಬೆಲೆ ವರ್ಷಕ್ಕೆ ಶೇಕಡಾ 6ರಂತೆ ಏರುತ್ತಿದ್ದರೆ ಕೂಲಿ ಯಾವಾಗಲೂ ಸುಮಾರು ಶೇಕಡಾ 7ರಷ್ಟು ಹಿಂದೆ ಬಿದ್ದಿರುತ್ತದೆ. ನೂರು ರೂಪಾಯಿಯ ಸಂತೆಗೆ ಹೋದವನ ಕೈಯಲ್ಲಿ ತೊಂಬತ್ತಮೂರು. ಮಾಲಕ ಕಾಯಿದೆಯನ್ನು ಚಾಚೂ ತಪ್ಪದೆ ಪಾಲಿಸಿದರೂ ಹೀಗೆಯೇ! ಯಾರೂ ಕದ್ದಿಲ್ಲ, ತಡವೇ ಕದ್ದಿತು. ಎಲ್ಲರಿಗಿಂತ ಬಡವನಿಗೆ ಎಲ್ಲರಿಗಿಂತ ಹೆಚ್ಚಿನ ತಡ ಎಂಬುದು ಯಾವ ನ್ಯಾಯ?

ಪಗಾರ ಬೇಗ ಏರಿದರೆ ಬೆಲೆ ಮತ್ತೂ ಏರುತ್ತದೆ, ಸುಳಿ ಏಳುತ್ತದೆ ಎಂದು ಕೆಲವರು ಹೇಳುತ್ತಾರೆ. ಈ ಮಾತಿನಲ್ಲಿ ಸ್ವಲ್ಪ ಹುರುಳಿದೆ. ನಾವು ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಸುಳಿ ಎಲ್ಲಿಂದ ಎದ್ದಿತು ಎಂದು ನೋಡಬೇಕು. 1974ರಲ್ಲಿ ಸಗಟು ಬೆಲೆ ಶೇಕಡಾ 20ನ್ನು ಮೀರಿ ಏರಿತ್ತು. ಅದಕ್ಕೆ ಹಿಂದೆ 1972ರಲ್ಲಿ ಮಳೆ ಕೈಕೊಟ್ಟಿತ್ತು, 1973ರ ಕೊನೆಗೆ ತೈಲದ ಬೆಲೆ ಮೇಲೇರಿತ್ತು. ಆ ಮೇ ತಿಂಗಳಲ್ಲಿ ಮಂಗಳೂರಿನಲ್ಲಿ ಹುಟ್ಟಿ ಬೆಳೆದ ಜಾರ್ಜ್ ಫರ್ನಾಂಡಿಸರ ನೇತೃತ್ವದಲ್ಲಿ ರೈಲ್ವೆ ಕಾರ್ಮಿಕರು ಮುಷ್ಕರ ಹೂಡಿದರು; ಸರಕಾರ ಅದನ್ನು ಮುರಿಯಿತು. ಜುಲೈಯಲ್ಲಿ ಸುಗ್ರೀವಾಜ್ಞೆ ಬಂತು. ಪಗಾರದಲ್ಲಿ ಆಗುವ ಏರಿಕೆಯನ್ನು, ಹೊಸ ತುಟ್ಟಿಭತ್ಯೆಯ ಅರ್ಧವನ್ನು ಕಡ್ಡಾಯ ಠೇವಣಿಯಾಗಿ ಸರಕಾರ ಹಿಡಿದಿಟ್ಟುಕೊಂಡಿತು. ಮುಂದೆ ಬೆಲೆ ಇಳಿಯಿತು, ನಿಜ. 1975ರಲ್ಲಿ ಒಳ್ಳೆಯ ಬೆಳೆಯೂ ಬಂದಿತ್ತು. ಆದರೆ ಮಳೆಯಿಂದ, ತೈಲದಿಂದ ಎದ್ದ ನೀರನ್ನು ಇಳಿಸಲು ತೆರೆದ ಬಾಗಿಲು ಯಾವುದು? ಕಾರ್ಮಿಕನ ಅಡುಗೆಮನೆಯ ಬಾಗಿಲು.

ಯಾವ ಬಾಗಿಲು?

2016ರಲ್ಲಿ ರಿಸರ್ವ್ ಬ್ಯಾಂಕ್ ಕಾಯಿದೆಗೆ ತಿದ್ದುಪಡಿಯಾಗಿ, ಈ ನಿಯಂತ್ರಣ ಪದ್ಧತಿ ನೇರವಾಗಿ ಕಾನೂನಿನಲ್ಲಿ ಬಂತು. ಗುರಿ: ಗ್ರಾಹಕ ಬೆಲೆಯೇರಿಕೆ ಶೇಕಡಾ 4. ಮೇಲೆ ಕೆಳಗೆ ಎರಡೆರಡು ಅಂಶದ ಸಡಿಲ. ಬಾಗಿಲು: ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ, ರೆಪೊ ದರ. ಬಾಗಿಲು ಕಾಯುವವರು: ಆರು ಜನರ ಸಮಿತಿ. ಸತತ ಮೂರು ತ್ರೈಮಾಸಿಕ ಗುರಿ ತಪ್ಪಿದರೆ ಸರಕಾರಕ್ಕೆ ಕಾರಣ ಬರೆದು ಕೊಡಬೇಕು. 2022ರ ಜನವರಿಯಿಂದ ಸೆಪ್ಟೆಂಬರಿನ ತನಕ ಹಾಗೆಯೇ ಆಯಿತು. ನವೆಂಬರಿನಲ್ಲಿ ಸಮಿತಿ ವಿಶೇಷ ಸಭೆ ಸೇರಿ ವರದಿ ಕಳಿಸಿತು. ಆ ವರದಿಯನ್ನು ಜನರ ಮುಂದೆ ಇಡಲಿಲ್ಲ. ಬಡ್ಡಿ ಮಾತ್ರ 2022ರ ಮೇ ಮೊದಲಿಗೆ ಇದ್ದ ಶೇಕಡಾ 4ರಿಂದ 2023ರ ಫೆಬ್ರುವರಿಗೆ ಆರೂವರೆಗೆ ಏರಿತು.

ಇಂಥ ಕಟ್ಟುಪಾಡಿನಿಂದ ಒಳ್ಳೆಯದೂ ಇದೆ. ಗುರಿ ಬಹಿರಂಗವಾಗಿದೆ, ಮನಬಂದಂತೆ ನೋಟು ಹೊಡೆಯುವ ಕೈಗೆ ಲಗಾಮು ಬಿದ್ದಿದೆ. ಆದರೆ ಬಡ್ಡಿಯ ಬಾಗಿಲು ಯಾವ ತೊಟ್ಟಿಗೆ ಸೇರಿದೆ ಎಂದು ಕೇಳಬೇಕು. ಆ ಕಾಲದ ಸೂಚ್ಯಂಕದಲ್ಲಿ ಆಹಾರ ಪಾನೀಯಗಳ ತೂಕ ನೂರರಲ್ಲಿ ಸುಮಾರು 46. ಮಳೆ ಬಾರದೆ ಈರುಳ್ಳಿ ತುಟ್ಟಿಯಾದರೆ ಬಡ್ಡಿ ಏರಿಸಿದ್ದರಿಂದ ಹೊಲದಲ್ಲಿ ಈರುಳ್ಳಿ ಹೆಚ್ಚು ಬೆಳೆದೀತೆ? ಇತ್ತ 2019ರ ಅಕ್ಟೋಬರಿನಿಂದ ಬ್ಯಾಂಕುಗಳು ಸಣ್ಣ ಉದ್ದಿಮೆಗಳಿಗೂ ಮನೆ ಕಟ್ಟುವವರಿಗೂ ಬದಲಾಗುವ ಬಡ್ಡಿಯಲ್ಲಿ ಕೊಡುವ ಹೊಸ ಸಾಲಗಳನ್ನು ರೆಪೊದಂಥ ಹೊರಗಿನ ದರಕ್ಕೆ ಗಂಟು ಹಾಕಬೇಕೆಂದು ನಿಯಮವಾಯಿತು. ಅಂದರೆ ಬಾಗಿಲು ತಿರುಗಿದರೆ ಹೊನ್ನಾವರದ ಅಂಗಡಿಕಾರನ ಕಂತಿಗೆ ಕೂಡಲೆ ಮುಟ್ಟುತ್ತದೆ, ಈರುಳ್ಳಿಗೆ ಮುಟ್ಟುವುದಿಲ್ಲ. ಸಾಲ ತುಟ್ಟಿಯಾಗಿ ಕಟ್ಟಡದ ಕೆಲಸ ನಿಂತರೆ, ಹಂಚಿನ ಕಾರ್ಖಾನೆಯ ಪಾಳಿ ಕಡಿಮೆಯಾದರೆ, ಕೂಲಿಯವನ ಕೊಳ್ಳುವ ಶಕ್ತಿ ಕುಗ್ಗಿ ಬೆಲೆ ಇಳಿದೀತು. ಜ್ವರ ಇಳಿಸಲು ರೋಗಿಯ ಊಟ ನಿಲ್ಲಿಸಿದ ಹಾಗೆ.

ಬೇರೆ ಬಾಗಿಲು ಇಲ್ಲವೆ? ಇದೆ, ಅದನ್ನು ತೋರಿಸಿದವರು ನಮ್ಮವರೇ. 1957ರಲ್ಲಿ ಸಮಾಜವಾದಿ ನಾಯಕ ಅಶೋಕ ಮೆಹತಾ ಅವರ ಅಧ್ಯಕ್ಷತೆಯ ಆಹಾರಧಾನ್ಯ ವಿಚಾರಣಾ ಸಮಿತಿ, ಬೆಲೆ ಬಿದ್ದಾಗ ಕೊಂಡು ಏರಿದಾಗ ಮಾರುವ ಒಂದು ಸಂಸ್ಥೆ ಬೇಕು, ಕಾಪು ದಾಸ್ತಾನು ಬೇಕು ಎಂದು ಶಿಫಾರಸು ಮಾಡಿತು. ಎಂಟು ವರ್ಷ ತಡವಾಗಿ 1965ರಲ್ಲಿ ಭಾರತ ಆಹಾರ ನಿಗಮ ಹುಟ್ಟಿತು. ಡಾ. ಲೋಹಿಯಾ ಅವರ ಬೆಲೆ ನೀತಿಯೂ ಇದೇ ದಾರಿಯದು. ಎರಡು ಸುಗ್ಗಿಗಳ ನಡುವೆ ಧಾನ್ಯದ ಬೆಲೆ ಸೇರಿಗೆ ಒಂದಾಣೆಗಿಂತ ಹೆಚ್ಚು ಏರಿಳಿಯಬಾರದು, ಕಾರ್ಖಾನೆಯ ವಸ್ತುವಿನ ಬೆಲೆ ತಯಾರಿಕೆಯ ಖರ್ಚಿನ ಒಂದೂವರೆ ಪಟ್ಟು ಮೀರಬಾರದು ಎಂದರು. ಗುರಿ, ಮೇಲಿನ ಮಿತಿ, ಕೆಳಗಿನ ಮಿತಿ ಎಲ್ಲವೂ ಅದರಲ್ಲಿತ್ತು. ಆ ಬಾಗಿಲು ವಸ್ತುವಿನ ತೊಟ್ಟಿಗೇ ಸೇರಿತ್ತು.

ಜನ ನೀರಲ್ಲ

ಇಷ್ಟು ಹೇಳಿದ ಮೇಲೆ ಗಣಿತದ ಮಿತಿಯನ್ನೂ ಹೇಳಬೇಕು. ಫಿಲಿಪ್ಸರ ಯಂತ್ರದ ನೀರಿಗೆ ಬುದ್ಧಿಯಿಲ್ಲ. ಮನುಷ್ಯರಿಗೆ ಇದೆ. ನಾಳೆ ದಾಸ್ತಾನಿನ ಮೇಲೆ ಮಿತಿ ಹೇರುತ್ತಾರೆಂದು ಸುದ್ದಿ ಬಂದರೆ ದೊಡ್ಡ ಗೋದಾಮಿನವನು ಇಂದೇ ಮಾಲು ಸಾಗಿಸುತ್ತಾನೆ. ಹಿಂದಿನ ಅಂಕಿಗಳಿಂದ ಕಟ್ಟಿದ ಲೆಕ್ಕ, ನೀತಿ ಬದಲಾದ ಕೂಡಲೆ ಸುಳ್ಳಾಗುತ್ತದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಲೂಕಸ್ 1976ರಲ್ಲಿ ಎತ್ತಿದ ಆಕ್ಷೇಪಣೆ ಇದೇ. ಆದ್ದರಿಂದ ಜನರನ್ನು ಕೊಳವೆಯ ನೀರೆಂದು ಬಗೆಯುವ ನಿಯಂತ್ರಣ ಸೋಲುತ್ತದೆ. ಜನರೇ ಅದರಲ್ಲಿ ಪಾಲುಗಾರರಾಗಬೇಕು.

ಹಾಗೆ ಪ್ರಯತ್ನಿಸಿದ ದೇಶ ಒಂದಿತ್ತು. 1970ರಲ್ಲಿ ಚಿಲಿಯಲ್ಲಿ ಸಮಾಜವಾದಿ ಅಯೆಂದೆ ಮತಪೆಟ್ಟಿಗೆಯ ಮೂಲಕ ಅಧ್ಯಕ್ಷರಾದರು. 1971ರಲ್ಲಿ ಸ್ಟ್ಯಾಫರ್ಡ್ ಬಿಯರ್ ಎಂಬ ಇಂಗ್ಲಿಷ್ ತಜ್ಞರನ್ನು ಕರೆಸಿಕೊಂಡು, ಸರಕಾರಿ ಕಾರ್ಖಾನೆಗಳನ್ನು ಟೆಲೆಕ್ಸ್ ತಂತಿಯಿಂದ ಜೋಡಿಸಿ, ಅಂಕಿ ಅಂಶ ದಿನದಿನವೂ ರಾಜಧಾನಿ ಮುಟ್ಟುವಂತೆ ಮಾಡಹೊರಟರು. 1972ರ ಅಕ್ಟೋಬರಿನಲ್ಲಿ ಲಾರಿ ಮಾಲಕರು ಸಂಚಾರ ನಿಲ್ಲಿಸಿದಾಗ, ಆ ತಂತಿಗಳ ನೆರವಿನಿಂದಲೇ ಉಳಿದ ಲಾರಿಗಳನ್ನು ಬೇಕಾದ ಕಡೆ ಓಡಿಸಿದರು. 1973ರ ಸೆಪ್ಟೆಂಬರ್ 11ರಂದು ಸೈನ್ಯ ಸರಕಾರವನ್ನು ಉರುಳಿಸಿತು. ಯಂತ್ರ ಸೋತಿರಲಿಲ್ಲ, ಚುಕ್ಕಾಣಿ ಜನರ ಕೈಗೆ ಹೋಗುವುದನ್ನು ಸಹಿಸದವರು ದೋಣಿಯನ್ನೇ ಮುಳುಗಿಸಿದರು.

ಕೊನೆಯ ಪ್ರಶ್ನೆ ಗುರಿಯದು. ಹೊನ್ನಾವರದವರು ಇದನ್ನು ನನಗಿಂತ ಚೆನ್ನಾಗಿ ಬಲ್ಲರು. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಬಂತು. ಅದರ ತುಂಬು ಮಟ್ಟ 1,819 ಅಡಿ. ವಿದ್ಯುತ್ ಬೇಕೆನ್ನುವವನಿಗೆ ಅದು ತುಂಬಿರಬೇಕು. ಮಳೆಗಾಲದಲ್ಲಿ ನೆರೆಗೆ ಹೆದರುವ ಗೇರುಸೊಪ್ಪೆಯ ಕೆಳಗಿನ ಊರುಗಳಿಗೆ ಅದರಲ್ಲಿ ಸ್ವಲ್ಪ ಜಾಗ ಖಾಲಿ ಇರಬೇಕು. ಎಷ್ಟು ತುಂಬಿಸಿದರೆ ಎಷ್ಟು ಅಪಾಯ ಎಂದು ಗಣಿತ ಹೇಳುತ್ತದೆ. ಯಾರ ಲಾಭಕ್ಕಾಗಿ ಯಾರು ಅಪಾಯ ಹೊರಬೇಕು ಎಂದು ಗಣಿತ ಹೇಳುವುದಿಲ್ಲ. ಅದು ರಾಜಕಾರಣದ ಪ್ರಶ್ನೆ. ಶೇಕಡಾ 4ರ ಬೆಲೆಯೇರಿಕೆಗೆ ಕಾನೂನಿನಲ್ಲಿ ಗುರಿಯಿದೆ, ತಪ್ಪಿದರೆ ಕಾರಣ ಕೇಳುವ ವಿಧಿಯಿದೆ. ನಿರುದ್ಯೋಗ ಇಷ್ಟಕ್ಕಿಂತ ಏರಬಾರದು ಎಂಬ ಗುರಿ ಆ ಕಾಯಿದೆಯಲ್ಲಿ ಇದೆಯೆ? ಬಾಗಿಲು ಕಾಯುವವರು ಅರ್ಥಶಾಸ್ತ್ರ, ಬ್ಯಾಂಕಿಂಗ್, ಹಣಕಾಸು ಬಲ್ಲವರಾಗಿರಬೇಕೆಂದು ಬರೆದಿದ್ದಾರೆ. ರೈತನ, ಕೂಲಿಕಾರನ ಪ್ರತಿನಿಧಿಗೆ ಅಲ್ಲಿ ಪೀಠವಿದೆಯೆ?

ನಮ್ಮ ಕೆಲಸ

ಹಾಗಾದರೆ ನಾವು ಮಾಡಬೇಕಾದದ್ದೇನು? ನಾಲ್ಕು ಮಾತು ಹೇಳುತ್ತೇನೆ.

ಮೊದಲನೆಯದು ಅಳತೆ. ಮೂರೂ ಊರಿನ ಪೇಟೆಯಲ್ಲಿ ಅಕ್ಕಿ, ಬೇಳೆ, ತೆಂಗಿನೆಣ್ಣೆ, ಮೀನು, ಅಡುಗೆ ಅನಿಲ, ಮನೆ ಬಾಡಿಗೆ, ಬಸ್ ದರ ಇವುಗಳ ಬೆಲೆಯನ್ನು ಪ್ರತಿ ತಿಂಗಳ ಮೊದಲ ವಾರ ನಾವೇ ಬರೆದಿಡೋಣ. ಕಾರ್ಮಿಕನೂ ಅಂಗಡಿಕಾರನೂ ಕೂಡಿ ಬರೆದ ವಹಿಗೆ ಸರಕಾರಿ ಅಂಕಿಯ ಎದುರು ನಿಲ್ಲುವ ಬಲವಿರುತ್ತದೆ. ಎರಡನೆಯದು ತಡ. ಕನಿಷ್ಠ ಕೂಲಿಯ ತುಟ್ಟಿಭತ್ಯೆ ಮೂರು ತಿಂಗಳಿಗೊಮ್ಮೆ ತಿದ್ದುಪಡಿಯಾಗಬೇಕೆಂದು ಒತ್ತಾಯಿಸಬೇಕು. ಬ್ಯಾಂಕಿನವರಿಗೆ ಸಾಧ್ಯವಾದದ್ದು ಗಿರಣಿಯವನಿಗೆ ಏಕೆ ಸಾಧ್ಯವಿಲ್ಲ? ಮೂರನೆಯದು ಬಾಗಿಲು. ಬಡ್ಡಿ ಏರಿಸುವ ಮೊದಲು ಗೋದಾಮು ತೆರೆಯಬೇಕು; ರೇಶನ್ ಅಂಗಡಿಯಲ್ಲಿ ಬೇಳೆಯೂ ಎಣ್ಣೆಯೂ ಸಿಗಬೇಕು. ನಾಲ್ಕನೆಯದು ಗುರಿ. ಬೆಲೆಯ ಜೊತೆಗೆ ಉದ್ಯೋಗವೂ ಗುರಿಯಾಗಬೇಕು. ಗುರಿ ತಪ್ಪಿದ್ದಕ್ಕೆ ಬರೆದುಕೊಟ್ಟ ಕಾರಣ ಲೋಕಸಭೆಯ ಮೇಜಿನ ಮೇಲೆ ಬರಬೇಕು.

ಒಂದು ಎಚ್ಚರಿಕೆ. ನಾವೂ ಆ ಅಂಗಡಿಯವರಂತೆ ಆಗಬಾರದು. ಬೆಲೆ ಏರಿದ ದಿನ ಕೂಗಿ, ಇಳಿದ ದಿನ ಮಲಗುವ ಚಳವಳಿ 16ಕ್ಕೂ 24ಕ್ಕೂ ನಡುವೆ ತೂಗಾಡುವ ದಾಸ್ತಾನಿನಂಥದು. ಪ್ರತಿ ತಿಂಗಳೂ ಅಳೆದು, ಪ್ರತಿ ತಿಂಗಳೂ ಕೇಳುವ ಸಂಘಟನೆ ಬೇಕು. ಗಜನಿಯ ಬಾಗಿಲು ಕಾಯುವವನು ಒಂದು ಉಬ್ಬರಕ್ಕೆ ಕಣ್ಣು ಮುಚ್ಚಿದರೆ ವರ್ಷದ ಭತ್ತ ಹೋಗುತ್ತದೆ. ಅವನು ಅದನ್ನು ಬಲ್ಲ, ಏಕೆಂದರೆ ಗದ್ದೆ ಅವನದು. ದೇಶದ ಗದ್ದೆಯೂ ನಮ್ಮದೇ. ಅದರ ಬಾಗಿಲ ಬಳಿ ನಮ್ಮವರೂ ನಿಂತಿರಬೇಕು.

ಬರುವ ತಿಂಗಳ ಮೊದಲ ವಾರ ಬೆಲೆಯ ವಹಿ ಹಿಡಿದುಕೊಂಡು ಮತ್ತೆ ಸೇರೋಣ.